ಗೋವಾ 70.3ಕ್ಕೆ ಕಾರವಾರದಲ್ಲೇ ಇದ್ದು ತಯಾರಿ: ಮಳೆಗಾಲದಲ್ಲಿ ಏನು ಮಾಡುವುದು?

ಕೋಡಿಬಾಗ_ಸೈಕಲ್

ಎಲ್ಲರಿಗೂ ನಮಸ್ಕಾರ. ಈ ವರ್ಷ ಗೋವಾದ ಐರನ್‌ಮ್ಯಾನ್ 70.3 (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಇರುವ ರೇಸ್) ಮಾಡಿಯೇ ಬಿಡೋಣ ಅಂತ ಹೆಸರು ಕೊಟ್ಟಿದ್ದೇನೆ. ದುಡ್ಡೂ ಕಟ್ಟಿ ಆಯಿತು. ಹಾಗಾಗಿ "ಇದೆಲ್ಲ ಬೇಕಿತ್ತಾ" ಅಂತ ಮಾತ್ರ ಯಾರೂ ಕೇಳಬೇಡಿ, ಅದನ್ನು ಮನೆಯಲ್ಲಿ ದಿನಾ ಕೇಳುತ್ತಿದ್ದಾರೆ.

ನನ್ನ ಸ್ಥಿತಿ ಹೀಗಿದೆ. ವಯಸ್ಸು 38, ಕಾರವಾರದಲ್ಲಿ ಆಫೀಸ್ ಕೆಲಸ. ಓಟ ಪರವಾಗಿಲ್ಲ, ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷದ ಆಸುಪಾಸು. ಸೈಕಲ್‌ನಲ್ಲಿ ಭಾನುವಾರ ಅಂಕೋಲಾಕ್ಕೆ ಹೋಗಿ ಬರುತ್ತೇನೆ, ಹತ್ತಿರ ಹತ್ತಿರ 70 ಕಿ.ಮೀ. ಆಗುತ್ತದೆ. ತೊಂದರೆ ಇರುವುದು ಈಜಿನಲ್ಲಿ. ಸಣ್ಣವನಿದ್ದಾಗ ಹೊಳೆಯಲ್ಲಿ ಕಲಿತ ಈಜು ಅದು, ತಲೆ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ತೇಲುತ್ತೇನೆ, ಆದರೆ ಫ್ರೀಸ್ಟೈಲ್ ಕಲಿತದ್ದು ಹೋದ ವರ್ಷ. 25 ಮೀಟರ್ ಕೊಳದಲ್ಲಿ 400 ಮೀಟರ್‌ಗೆ 10 ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಉಸಿರು ಬಿಗಿಯುತ್ತದೆ.

ಇನ್ನೇನು ಮಳೆ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲಿಗೆ ಇಳಿಯುವ ಮಾತೇ ಇಲ್ಲ, ರಸ್ತೆಯೂ ಕಷ್ಟ. ಹಾಗಾಗಿ ವಾರದಲ್ಲಿ ನಾಲ್ಕು ದಿನ ಈಜಿಗೇ ಕೊಟ್ಟು, ಓಟ-ಸೈಕಲ್ ಇದ್ದಷ್ಟೇ ಇರಲಿ ಅಂತ ಯೋಚನೆ. ಇದು ಸರಿಯಾ? ಇನ್ನೊಂದು, ಭಾನುವಾರದ ರೈಡ್‌ಗೆ ಘಟ್ಟದ ಕಡೆ ಹೋಗಬೇಕಾ? ಪವರ್ ಮೀಟರ್ (ಪೆಡಲ್ ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ತೋರಿಸುವ ಸಾಧನ) ತೆಗೆದುಕೊಳ್ಳಲೇಬೇಕು ಅಂತ ಗೆಳೆಯನೊಬ್ಬ ತಲೆ ತಿನ್ನುತ್ತಿದ್ದಾನೆ, ಅದರ ಬಗ್ಗೆಯೂ ಹೇಳಿ.

ಕುಮಟಾ_ಓಟ

ನಾಲ್ಕು ದಿನ ಈಜು ಬೇಡ. ಮೊದಲು ಲೆಕ್ಕ ಹಾಕಿ ನೋಡಿ, ಹೆದರಿಕೆ ಅರ್ಧ ಇಳಿಯುತ್ತದೆ.

70.3 ಅಂದರೆ ಈಜು 1.9 ಕಿ.ಮೀ., ಸೈಕಲ್ 90, ಓಟ 21.1. ಮುಗಿಸಲು ಕೊಡುವ ಗಡುವು ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಸಲು ನೀವು ನೀರಿಗಿಳಿದ ಹೊತ್ತಿನಿಂದ ಐದೂವರೆ ಗಂಟೆ, ಎಲ್ಲ ಸೇರಿ ಎಂಟೂವರೆ ಗಂಟೆ. (ನಿಮ್ಮ ವರ್ಷದ ಅಥ್ಲೀಟ್ ಗೈಡ್ ಬಂದಾಗ ಇನ್ನೊಮ್ಮೆ ನೋಡಿಕೊಳ್ಳಿ.) 70 ನಿಮಿಷದಲ್ಲಿ 1900 ಮೀಟರ್ ಅಂದರೆ 100 ಮೀಟರ್‌ಗೆ 3 ನಿಮಿಷ 41 ಸೆಕೆಂಡ್. ನೀವು ಈಗಲೇ 400 ಮೀಟರನ್ನು 10 ನಿಮಿಷದಲ್ಲಿ ಮಾಡುತ್ತೀರಿ, ಅಂದರೆ 100ಕ್ಕೆ ಎರಡೂವರೆ ನಿಮಿಷ. ಕಡಲಲ್ಲಿ ಅಲೆ, ಗಲಾಟೆ, ಓರೆಯಾಗಿ ಹೋಗಿ ಜಾಸ್ತಿ ಈಜುವುದು ಎಲ್ಲ ಸೇರಿಸಿ 100ಕ್ಕೆ 3 ನಿಮಿಷ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ, 57 ನಿಮಿಷಕ್ಕೆ ದಡದಲ್ಲಿರುತ್ತೀರಿ. ನಿಮಗೆ ಬೇಕಾದ್ದು ವೇಗ ಅಲ್ಲ, ಉಸಿರು ಬಿಗಿಯದೆ 1900 ಮೀಟರ್ ಮುಗಿಸುವ ಅಭ್ಯಾಸ.

ವೇಗವನ್ನು ಅಳೆಯಬೇಕು ಅನ್ನಿಸಿದರೆ ಒಂದು ಸುಲಭದ ಪರೀಕ್ಷೆ ಇದೆ, ಸಿಎಸ್‌ಎಸ್ ಅನ್ನುತ್ತಾರೆ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು 400 ಮೀಟರ್ ಪೂರ್ತಿ ಶಕ್ತಿ ಹಾಕಿ ಈಜಿ, ಸುಧಾರಿಸಿಕೊಂಡು 200 ಈಜಿ. ಎರಡರ ಸಮಯದ ವ್ಯತ್ಯಾಸ ತೆಗೆದು ಅರ್ಧ ಮಾಡಿದರೆ 100 ಮೀಟರ್‌ಗೆ ನಿಮ್ಮ ವೇಗ ಸಿಗುತ್ತದೆ. ಉದಾಹರಣೆಗೆ 400ಕ್ಕೆ 9:20, 200ಕ್ಕೆ 4:20 ಆದರೆ ವ್ಯತ್ಯಾಸ 5 ನಿಮಿಷ, ಅಂದರೆ 100ಕ್ಕೆ 2:30. ಆ ವೇಗದಲ್ಲಿ 100 ಮೀಟರ್‌ನ ಹತ್ತು ಸುತ್ತು, ಮಧ್ಯೆ 15-20 ಸೆಕೆಂಡ್ ಮಾತ್ರ ನಿಲ್ಲುವುದು. ಇದು ವಾರದಲ್ಲಿ ಒಂದು ದಿನ. ಇನ್ನೊಂದು ದಿನ ನಿಧಾನವಾಗಿ ಉದ್ದ ಈಜು, ತಿಂಗಳಿಂದ ತಿಂಗಳಿಗೆ ಹೆಚ್ಚಿಸುತ್ತ 76 ಲೆಂಗ್ತ್ (ಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ ಹೋದರೆ ಒಂದು) ತನಕ ಬನ್ನಿ, ಅದೇ ನಿಮ್ಮ 1900. ಮೂರನೇ ದಿನ ಕೈ-ಕಾಲಿನ ಕ್ರಮ ತಿದ್ದಿಕೊಳ್ಳಲು. ಸಾಕು. ನಾಲ್ಕನೇ ದಿನ ಈಜಿಗೆ ಕೊಟ್ಟು ಉಳಿಸುವುದು ಐದು ನಿಮಿಷ ಇರಬಹುದು. ಅಷ್ಟನ್ನು ಓಟದಲ್ಲಿ ಎರಡು ನೀರಿನ ಟೇಬಲ್ ಹತ್ತಿರ ನಿಂತು ಕಳೆದುಬಿಡುತ್ತೀರಿ!

ಸೈಕಲ್ ಲೆಕ್ಕವೂ ಹೀಗೇ. ಈಜು, ಬಟ್ಟೆ-ಶೂ ಎಲ್ಲ ಸೇರಿ 1 ಗಂಟೆ 5 ನಿಮಿಷ ಆಯಿತು ಅನ್ನೋಣ. ಐದೂವರೆ ಗಂಟೆಗೆ ಇನ್ನು 4 ಗಂಟೆ 25 ನಿಮಿಷ ಇದೆ. 90 ಕಿ.ಮೀ.ಗೆ ಗಂಟೆಗೆ 20ರ ಮೇಲೆ ಸ್ವಲ್ಪ ಹೋದರೂ ನಡೆಯುತ್ತದೆ. ನೀವು ಖಂಡಿತ ಅದಕ್ಕಿಂತ ಜೋರು ಇದ್ದೀರಿ.

ಹಾಗಾದರೆ ಜನ ಸೋಲುವುದು ಎಲ್ಲಿ? ಓಟದಲ್ಲಿ. ಅಕ್ಟೋಬರ್-ನವೆಂಬರ್ ಅಂದರೆ ನಮ್ಮ ಕಡೆ ಎರಡನೇ ಬೇಸಿಗೆ ಅಲ್ವಾ. ಮಳೆ ನಿಂತಿರುತ್ತದೆ, ನೆಲ ಇನ್ನೂ ಹಸಿ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ನೀವು ಓಟ ಶುರು ಮಾಡುವಾಗ ಹೊತ್ತು ಹನ್ನೊಂದೋ ಹನ್ನೆರಡೋ ಆಗಿರುತ್ತದೆ. ಮೀರಾಮಾರ್ ಕಡೆ ಆ ಬಿಸಿಲಿನಲ್ಲಿ 2:10ರ ಓಟಗಾರರು ಮೂರು ಗಂಟೆಗೂ ಮೇಲೆ ತೆಗೆದುಕೊಂಡದ್ದನ್ನು ನಾನೇ ಪಕ್ಕದಲ್ಲಿ ಓಡುತ್ತ ನೋಡಿದ್ದೇನೆ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಮಳೆಗಾಲದಲ್ಲಿ ಬುನಾದಿ, ಸೆಪ್ಟೆಂಬರ್‌ನಿಂದ ಬಿಸಿಲು. ಸೈಕಲ್ ಇಳಿದ ತಕ್ಷಣ ಓಡುವುದನ್ನು, ಬ್ರಿಕ್ ಅಂತಾರಲ್ಲ ಅದನ್ನು, ಈಗಿನಿಂದಲೇ ವಾರಕ್ಕೊಮ್ಮೆ ಇಟ್ಟುಕೊಳ್ಳಿ. 15-20 ನಿಮಿಷ ಸಾಕು. ಮೊದಲ ಐದು ನಿಮಿಷ ಕಾಲು ನಿಮ್ಮದಲ್ಲ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಆ ಐದು ನಿಮಿಷ ರೇಸ್ ದಿನ ಹೊಸದು ಅನ್ನಿಸಬಾರದು, ಅಷ್ಟೇ ಅದರ ಉದ್ದೇಶ.

ಬೈತಖೋಲ್_ದೋಣಿ

ನಾನು ರೇಸ್ ಗೀಸ್ ಮಾಡುವವನಲ್ಲ. ಮನೆ ಕಸುಬು ಮೀನುಗಾರಿಕೆ. ಆದರೆ ಇತ್ತೀಚೆಗೆ ಬಣ್ಣದ ಟೋಪಿ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಕಡಲಿಗೆ ಇಳಿಯುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ನಾಲ್ಕು ಮಾತು ಹೇಳುತ್ತೇನೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಇಳಿಯುವುದಿಲ್ಲ, ನಿಷೇಧ. ನೀವೂ ಇಳಿಯಬೇಡಿ. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಕೂಡಲೇ ಕಡಲು ತಣ್ಣಗಾಯಿತು ಅಂತಲೂ ಅಂದುಕೊಳ್ಳಬೇಡಿ. ಅದು ನಮಗೆ, ದೋಣಿಯಲ್ಲಿ ಕೂತವರಿಗೆ. ನೀರಲ್ಲಿ ಮೈ ಇಡುವವರು ಸೆಪ್ಟೆಂಬರ್ ಕೊನೆಯ ತನಕ ಕಾಯುವುದು ಒಳ್ಳೆಯದು. ಆಮೇಲೆ ನಮ್ಮ ಕಾರವಾರದ ಕೊಲ್ಲಿಯಷ್ಟು ಶಾಂತ ನೀರು ಈ ಕರಾವಳಿಯಲ್ಲಿ ಹುಡುಕಬೇಕು. ಒಂದು ಕಡೆ ಬೈತಖೋಲದ ಗುಡ್ಡ, ಎದುರಿಗೆ ನಡುಗಡ್ಡೆಗಳು, ದೊಡ್ಡ ಅಲೆ ಒಳಗೆ ಬರುವುದು ಕಡಿಮೆ.

ಕೋಡಿಬಾಗದವರು ಅಂತ ಹೆಸರು ಹೇಳುತ್ತದೆ, ಅದಕ್ಕೇ ಹೇಳುತ್ತಿದ್ದೇನೆ, ಮನೆ ಹತ್ತಿರ ಅಂತ ಕಾಳಿ ಅಳಿವೆಯಲ್ಲಿ ಮಾತ್ರ ಇಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರು, ಕಡಲ ನೀರು ಎರಡೂ ಒಟ್ಟಿಗೆ ಹೊರಗೆ ಓಡುತ್ತವೆ. ಎಂಥ ಈಜುಗಾರನಾದರೂ ಅದರ ಎದುರು ಕೈ ಹಾಕಿ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರಂತೂ ಕೇಳುವುದೇ ಬೇಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಭರತ-ಇಳಿತ ಎರಡೂ ಜೋರು. ಕ್ಯಾಲೆಂಡರ್ ನೋಡಿ ದಿನ ಇಟ್ಟುಕೊಳ್ಳಿ. ಟಾಗೋರ್ ಕಡಲತೀರದ ಮಧ್ಯಭಾಗ ಒಳ್ಳೆಯದು. ದಡಕ್ಕೆ ಸಮನಾಗಿ ಈಜಿ, ಆಳಕ್ಕೆ ಹೋಗುವುದರಲ್ಲಿ ಯಾವ ಶೂರತನವೂ ಇಲ್ಲ. ಹೋಗುವಾಗ ಸದಾಶಿವಗಡದ ಗುಡ್ಡ ನೋಡಿಕೊಂಡು ಹೋಗಿ, ಬರುವಾಗ ಬೈತಖೋಲದ ಗುಡ್ಡ. ಬೇರೆ ಗುರುತು ಬೇಕಾಗಿಲ್ಲ. ಆದರೆ ಬಿಣಗಾ, ಅರ್ಗಾ ಕಡೆ ಹೋಗಬೇಡಿ, ಅದು ನೌಕಾನೆಲೆ.

ಇನ್ನೊಂದು ಯಾರೂ ಹೇಳದ ವಿಷಯ. ಬೆಳಿಗ್ಗೆ ಕಡಲು ಕನ್ನಡಿ ತರಹ ಇರುತ್ತದೆ, ಯಾಕೆಂದರೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ. ಅದೇ ಗಾಳಿ ನಿಮ್ಮನ್ನು ಸದ್ದಿಲ್ಲದೆ ಹೊರಗೆ ತಳ್ಳುತ್ತದೆ. ಅಲೆ ಇಲ್ಲ, ಹೆದರಿಕೆ ಇಲ್ಲ ಅಂತ ಮಲಗಿ ಸುಧಾರಿಸಿಕೊಂಡು ತಲೆ ಎತ್ತಿದರೆ ದಡ ದೂರ. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಗಾಳಿಚೀಲ ಬರುತ್ತದಲ್ಲ, ಅದಿಲ್ಲದೆ ಇಳಿಯಬೇಡಿ. ಅದು ಮುಳುಗದೆ ಇರಲಿಕ್ಕೆ ಮಾತ್ರ ಅಲ್ಲ, ದೋಣಿಯವರಿಗೆ ನಿಮ್ಮ ತಲೆ ಕಾಣಲಿ ಅಂತ. ಬಗ್ಗಿದ ಕರಿ ಟೋಪಿ ನೀರಲ್ಲಿ ಕಾಣುವುದೇ ಇಲ್ಲ.

ಮತ್ತೆ ರಂಪಣಿ ಬಲೆ ಬಿಟ್ಟಿದ್ದರೆ ದಯವಿಟ್ಟು ದೂರ ಇರಿ. ದಡದಲ್ಲಿ ಜನ ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದರೆ ಅರ್ಧ ಚಂದ್ರದ ಹಾಗೆ ಬಲೆ ಕಡಲೊಳಗೆ ಇದೆ ಅಂತ ಅರ್ಥ. ಮೇಲೆ ತೇಲುವ ಬೆಂಡುಗಳ ಸಾಲು ಕಾಣುತ್ತದೆ. ಅದರ ಒಳಗೆ ಹೋದರೆ ಮೀನೂ ಓಡುತ್ತದೆ, ನಿಮಗೂ ಬೈಗುಳ ಗ್ಯಾರಂಟಿ.

ಕೋಡಿಬಾಗ_ಸೈಕಲ್

ಅಕ್ಕಾ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನೆಲದ ಗಾಳಿಯ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಸರಿ, ಈಜು ಮೂರೇ ದಿನ. ಆದರೆ ಕೊಳವೂ ಮಳೆಗಾಲದಲ್ಲಿ ಆಗಾಗ ಮುಚ್ಚುತ್ತದೆ, ಆಗ ಏನು ಮಾಡುವುದು? ಕಡಲಲ್ಲಿ ಈಜಲು ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ) ಬೇಕಾ? ಘಟ್ಟದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ದೇವಿಮನೆ_ಏರು

ಘಟ್ಟದ ವಿಷಯ ನಾನು ಹೇಳುತ್ತೇನೆ. ಶಿರಸಿಯವನು, ದೇವಿಮನೆ ಘಟ್ಟ ನನ್ನ ಹಿತ್ತಲು ಇದ್ದ ಹಾಗೆ.

ವೆಟ್‌ಸೂಟ್ ಮರೆತುಬಿಡಿ. ಐರನ್‌ಮ್ಯಾನ್ ನಿಯಮದಲ್ಲಿ ನೀರು 24.5 ಡಿಗ್ರಿಗಿಂತ ಬಿಸಿ ಇದ್ದರೆ ಅದನ್ನು ಹಾಕಿಕೊಂಡವರಿಗೆ ಬಹುಮಾನದ ಸಾಲಿನಲ್ಲಿ ಜಾಗ ಇಲ್ಲ, 28.8 ದಾಟಿದರೆ ಹಾಕುವ ಹಾಗೇ ಇಲ್ಲ. ನಮ್ಮ ಕಡಲು ಆ ತಿಂಗಳಲ್ಲಿ 28ರ ಮೇಲೇ ಇರುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಟೈರ್ ತೆಗೆದುಕೊಳ್ಳಿ.

ಕೊಳ ಮುಚ್ಚಿದ ದಿನಕ್ಕೆ: ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಕಿಟಕಿ ಸರಳಿಗೆ ಕಟ್ಟಿ. ಸೊಂಟದಿಂದ ಮುಂದೆ ಬಗ್ಗಿ, ಎರಡು ತುದಿಯನ್ನು ಅಂಗೈಗೆ ಸುತ್ತಿಕೊಂಡು, ನೀರನ್ನು ಎಳೆಯುವ ಹಾಗೇ ಎಳೆಯಿರಿ. ಮೊಣಕೈ ಮೇಲೆ ಇರಬೇಕು, ಅಂಗೈ ಹಿಂದಕ್ಕೆ ಮುಖ ಮಾಡಬೇಕು, ತೊಡೆಯ ತನಕ ಬರಬೇಕು. ನೀರಲ್ಲಿ ಕಾಣದ ತಪ್ಪು ಇಲ್ಲಿ ಕಾಣುತ್ತದೆ, ಮೊಣಕೈ ಕೆಳಗೆ ಬಿದ್ದ ಕೂಡಲೇ ಟ್ಯೂಬ್ ಸಡಿಲ ಆಗುತ್ತದೆ. ಒಂದು ನಿಮಿಷ ಎಳೆದು ಅರ್ಧ ನಿಮಿಷ ಬಿಡಿ, ಹೀಗೆ ಕಾಲು ಗಂಟೆ ಮಾಡಿದರೆ ಮರುದಿನ ಬೆನ್ನು ಹೇಳುತ್ತದೆ ಎಷ್ಟು ಕೆಲಸ ಆಯಿತು ಅಂತ.

ಈಗ ಘಟ್ಟ. ನಮ್ಮ ಊರು ಕಡಲಮಟ್ಟದಿಂದ 600 ಮೀಟರ್ ಹತ್ತಿರ ಇದೆ, ಹಾಗಾಗಿ ಕುಮಟಾದಿಂದ ಹತ್ತಿ ಬಂದರೆ ಕಾಲಿಗೆ ಒಳ್ಳೆಯ ಕೆಲಸ. ಆದರೆ ಅದು ಬೇರೆ ಕೆಲಸ. ಘಟ್ಟದಲ್ಲಿ ಏರುವಾಗ ಒದ್ದಾಡುತ್ತೀರಿ, ಇಳಿಯುವಾಗ ಸುಮ್ನೆ ಕೂರುತ್ತೀರಿ. 90 ಕಿ.ಮೀ. ರೇಸ್‌ನಲ್ಲಿ ಮೂರು-ಮೂರೂವರೆ ಗಂಟೆ ಒಂದೇ ಸಮನೆ ಪೆಡಲ್ ತುಳಿಯಬೇಕು, ಬಗ್ಗಿಕೊಂಡು, ಕೈ ಮುಂದೆ ಚಾಚಿ. ಕತ್ತು ನೋವು, ಸೊಂಟ ನೋವು ಬರುವುದು ಅಲ್ಲಿ. ಇದಕ್ಕೆ ನಿಮ್ಮ ಕಾರವಾರ-ಅಂಕೋಲಾ ಹೆದ್ದಾರಿ, ಇಲ್ಲವೇ ಮಾಜಾಳಿ ದಾಟಿ ಕಾಣಕೋಣ ಕಡೆ ಹೋಗುವ ರಸ್ತೆ ಘಟ್ಟಕ್ಕಿಂತ ಒಳ್ಳೆಯ ಶಾಲೆ. ಸ್ವಲ್ಪ ಸ್ವಲ್ಪ ಏರಿಳಿತ ಇದೆ, ಆದರೆ ಕಾಲು ನಿಲ್ಲಿಸುವ ಹಾಗಿಲ್ಲ. ಏರು ಬೇಕು ಅನ್ನಿಸಿದರೆ ಅದೇ ದಾರಿಯಲ್ಲಿ ಮುಂದೆ ಕರ್ಮಲ್ ಘಾಟ್ ಇದೆ. ಬಿಣಗಾ ಕಡೆಯ ಸುರಂಗಕ್ಕೆ ಹಿಂದೆ-ಮುಂದೆ ಲೈಟ್ ಇಲ್ಲದೆ ಹೋಗಬೇಡಿ, ಟ್ಯಾಂಕರ್‌ನವರಿಗೆ ನಾವು ಕಾಣುವುದಿಲ್ಲ.

ಮಳೆಗಾಲದಲ್ಲಂತೂ ಘಟ್ಟ ಬೇಡವೇ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ. ದೇವಿಮನೆ, ಅರಬೈಲು, ಅಣಶಿ ಯಾವುದೂ ಆ ತಿಂಗಳುಗಳಲ್ಲಿ ಸೈಕಲ್ ಹೊಡೆಯುವ ಜಾಗ ಅಲ್ಲ. ಸೈಕಲನ್ನು ಮನೆಯೊಳಗೆ ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಹಾಕಿ. ಕರೆಂಟ್ ಹೋದರೂ ನಡೆಯುವ ಮಾಮೂಲಿ ಮ್ಯಾಗ್ನೆಟ್ ಟ್ರೇನರ್ ಸಾಕು, ಸ್ಮಾರ್ಟ್ ಟ್ರೇನರ್ ತಂದವರು ನಮ್ಮ ಕಡೆ ಜೂನ್-ಜುಲೈನಲ್ಲಿ ಅದನ್ನು ಬಟ್ಟೆ ಒಣಗಿಸಲು ಬಳಸುತ್ತಾರೆ :) ಗಟ್ಟಿ ಗೇರ್ ಹಾಕಿ ನಿಮಿಷಕ್ಕೆ 60 ಸುತ್ತಿನ ಹಾಗೆ 8 ನಿಮಿಷ ತುಳಿಯುವುದು, 4 ನಿಮಿಷ ಸಡಿಲ, ಇಂಥ ನಾಲ್ಕು. ಘಟ್ಟದ ಬಲ ಮನೆಯಲ್ಲೇ ಬರುತ್ತದೆ.

ಇನ್ನು ನಾನು ಉಲ್ಟಾ ಮಾಡುತ್ತೇನೆ ನೋಡಿ. ನಮ್ಮಲ್ಲಿ ಬೆಳಿಗ್ಗೆ ತಂಪು, ಹಾಗಾಗಿ ಸೆಕೆ ಅಭ್ಯಾಸ ಆಗಲಿ ಅಂತ ಮಳೆ ನಿಂತ ಮೇಲೆ ನಾನೇ ಘಟ್ಟ ಇಳಿದು ನಿಮ್ಮ ಕಡೆ ಬರುತ್ತೇನೆ. ನೀವು ಸೆಕೆಯಲ್ಲೇ ಇದ್ದುಕೊಂಡು ತಂಪು ಹುಡುಕಿ ಮೇಲೆ ಯಾಕೆ ಬರುತ್ತೀರಿ ಮಾರಾಯ್ರೆ?

ವ್ಯಾಟ್_ಲೆಕ್ಕ

ಪವರ್ ಮೀಟರ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ತೆಗೆದುಕೊಳ್ಳಿ. 20 ನಿಮಿಷ ಪೂರ್ತಿ ಶಕ್ತಿಯಲ್ಲಿ ತುಳಿದು ಅದರ ಸರಾಸರಿ ವ್ಯಾಟ್‌ನ 95 ಶೇಕಡಾ ತೆಗೆದರೆ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಶಕ್ತಿ. 70.3ರಲ್ಲಿ ಅದರ 70-75 ಶೇಕಡಾದಲ್ಲಿ ಹೋಗಿ, ಹೊಸಬರು 80 ದಾಟಬಾರದು. ಗಾಳಿ ಇರಲಿ, ಏರು ಇರಲಿ, ಸಂಖ್ಯೆ ಸುಳ್ಳು ಹೇಳುವುದಿಲ್ಲ. ಹಾರ್ಟ್ ರೇಟ್ ನಂಬಿದರೆ ಸೆಕೆಗೆ ಅದು ತಾನಾಗಿಯೇ ಏರುತ್ತಾ ಹೋಗುತ್ತದೆ.

ಕುಮಟಾ_ಓಟ

ವ್ಯಾಟ್ ಸರ್, ನೀವು ಹೇಳಿದ ಕೊನೆಯ ಮಾತಿಗೇ ನನ್ನ ತಕರಾರು. ಹಾರ್ಟ್ ರೇಟ್ ಸೆಕೆಗೆ ಏರುತ್ತದೆ, ಒಪ್ಪಿದೆ. ಆದರೆ ನಮಗೆ ಗೊತ್ತಾಗಬೇಕಾದ್ದು ಅದೇ ಅಲ್ವಾ! ಮೈ ಬಿಸಿಯಾದಾಗ ರಕ್ತ ಚರ್ಮದ ಕಡೆಗೂ ಹೋಗಬೇಕು, ಕಾಲಿಗೂ ಹೋಗಬೇಕು, ಬೆವರಿ ರಕ್ತದ ನೀರೂ ಕಡಿಮೆಯಾಗಿರುತ್ತದೆ, ಹೃದಯ ಜೋರಾಗಿ ಬಡಿಯಲೇಬೇಕು. ವ್ಯಾಟ್ ಅದೇ 150 ತೋರಿಸುತ್ತಿರುತ್ತದೆ, ಆದರೆ ಮೊದಲ ಗಂಟೆಯ 150ಕ್ಕೂ ಮೂರನೇ ಗಂಟೆಯ 150ಕ್ಕೂ ಮೈ ಕೊಡುವ ಬೆಲೆ ಬೇರೆ. ತಣ್ಣನೆಯ ಕೋಣೆಯಲ್ಲಿ ತೆಗೆದ ಎಫ್‌ಟಿಪಿ ಹಿಡಿದುಕೊಂಡು ಗೋವಾದ ಬಿಸಿಲಲ್ಲಿ ಹೋದವರೇ ಓಟದಲ್ಲಿ ನಡೆಯುವುದು. ದುಡ್ಡು ಇದ್ದರೆ ಎರಡೂ ಇಟ್ಟುಕೊಳ್ಳಲಿ. ಒಂದಕ್ಕೆ ಮಾತ್ರ ದುಡ್ಡು ಇದ್ದರೆ ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಸಾಕು.

ಇನ್ನೂ ಸುಲಭದ್ದು ಮಾತು. ವಾರದ ಹೆಚ್ಚಿನ ಅಭ್ಯಾಸದಲ್ಲಿ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು. ಎರಡೇ ಅವಧಿ ಗಟ್ಟಿ, ಉಳಿದದ್ದೆಲ್ಲ ಸಲೀಸು. ಎಲ್ಲರೂ ಉಲ್ಟಾ ಮಾಡುತ್ತಾರೆ, ದಿನಾ ಅರ್ಧಂಬರ್ಧ ಗಟ್ಟಿ ಓಡುತ್ತಾರೆ, ಆಗ ನಿಜವಾಗಿ ಗಟ್ಟಿ ಓಡಬೇಕಾದ ದಿನ ಕಾಲೇ ಬರುವುದಿಲ್ಲ. ಮೂರು ವಾರ ಹೆಚ್ಚಿಸುತ್ತ ಹೋಗಿ ನಾಲ್ಕನೇ ವಾರ ಇಳಿಸಿ. ಕೆಲಸ, ಮನೆ ಇಟ್ಟುಕೊಂಡು ವಾರಕ್ಕೆ 8ರಿಂದ 10 ಗಂಟೆ ಕೊಟ್ಟರೆ ಈ ದೂರಕ್ಕೆ ಧಾರಾಳ.

ಬಿಸಿಲು: ರೇಸ್‌ಗೆ ಮೂರು-ನಾಲ್ಕು ವಾರ ಇರುವಾಗ ಶುರು ಮಾಡಿ. 10ರಿಂದ 14 ದಿನ, ದಿನಕ್ಕೆ ಒಂದು ಗಂಟೆ ಬಿಸಿಲಲ್ಲಿ ಸಲೀಸಾಗಿ ಓಡಿದರೆ ಮೈ ಒಗ್ಗುತ್ತದೆ. ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಆಫೀಸ್‌ನವರಿಗೆ ಮಧ್ಯಾಹ್ನ ಆಗುವುದಿಲ್ಲ, ಸಂಜೆ ನಾಲ್ಕೂವರೆಗೆ ಹೊರಟರೂ ನಡೆಯುತ್ತದೆ. ತಲೆ ಸುತ್ತಿದರೆ, ಚಳಿ ಬಂದ ಹಾಗಾದರೆ ನಿಲ್ಲಿಸಿ, ನೆರಳಿಗೆ ಬನ್ನಿ, ನೀರು ಸುರಿದುಕೊಳ್ಳಿ. ಒಬ್ಬರೇ ಹೋಗಬೇಡಿ.

ಜೋನಿಬೆಲ್ಲ

ಹೊಟ್ಟೆ ವಿಷಯ ಯಾರೂ ಎತ್ತಲಿಲ್ಲ, ಅರ್ಧ ರೇಸ್ ಅದೇ.

ಸೈಕಲ್ ಮೇಲೆ ಗಂಟೆಗೆ 60 ಗ್ರಾಂ ಕಾರ್ಬ್ (ಸಕ್ಕರೆ-ಪಿಷ್ಟ) ಒಳಗೆ ಹೋಗಬೇಕು, ಅಭ್ಯಾಸ ಇದ್ದವರು 90ರ ತನಕ ಹೋಗುತ್ತಾರೆ. ಅಂಗಡಿ ಜೆಲ್ (ಸಕ್ಕರೆ ಪಾಕದ ಪೊಟ್ಟಣ) ಒಂದರಲ್ಲಿ ಸಾಮಾನ್ಯವಾಗಿ 20-25 ಗ್ರಾಂ ಇರುತ್ತದೆ, ಬೆಲೆ ನೋಡಿದರೆ ನಮ್ಮ ಜಿಲ್ಲೆಯವರಿಗೆ ನಗು ಬರಬೇಕು. ಬೆಲ್ಲದಲ್ಲಿ ಇರುವುದು ಹೆಚ್ಚಾಗಿ ಸುಕ್ರೋಸ್, ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡೂ ಕರುಳಲ್ಲಿ ಬೇರೆ ಬೇರೆ ದಾರಿಯಿಂದ ಒಳಗೆ ಹೋಗುವುದರಿಂದ ಗ್ಲೂಕೋಸ್ ಒಂದೇ ಕುಡಿದದ್ದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಸಿಕ್ಕರೆ ಕರಗಿಸುವ ಕೆಲಸವೂ ಇಲ್ಲ. ಅದರಲ್ಲಿ ನೀರೂ ಇರುವುದರಿಂದ 60 ಗ್ರಾಂ ಸಕ್ಕರೆಗೆ 85 ಗ್ರಾಂ ಹತ್ತಿರ ಜೋನಿ ಬೇಕು. 750 ಮಿ.ಲೀ. ಬಾಟಲಿಗೆ ಅಷ್ಟು ಜೋನಿ, ಕಾಲು ಚಮಚ ಉಪ್ಪು, ಸ್ವಲ್ಪ ಮುರುಗಲ ಹಣ್ಣಿನ (ಕೋಕಂ) ಹುಳಿ. ಕಾಲು ಚಮಚ ಉಪ್ಪು ಅಂದರೆ ಒಂದೂವರೆ ಗ್ರಾಂ, ಸೋಡಿಯಂ 600 ಮಿ.ಗ್ರಾಂ. ಹತ್ತಿರ. ಹುಳಿ ಇಲ್ಲದಿದ್ದರೆ ಎರಡನೇ ಗಂಟೆಗೆ ಸಿಹಿ ಓಕರಿಕೆ ತರುತ್ತದೆ, ಅದಕ್ಕೆ ಮುರುಗಲು. ಮೊದಲ ಸಲ ಇಷ್ಟೂ ಹಾಕಬೇಡಿ, ಅರ್ಧದಿಂದ ಶುರು ಮಾಡಿ. ಹೊಟ್ಟೆಗೂ ಅಭ್ಯಾಸ ಬೇಕು, ಪ್ರತಿ ಭಾನುವಾರದ ಉದ್ದ ರೈಡ್‌ನಲ್ಲಿ ಅದೇ ಬಾಟಲಿ.

ಒಆರ್‌ಎಸ್ ಕುಡಿದರೆ ಸಾಕು ಅನ್ನುವವರಿದ್ದಾರೆ. ಡಬ್ಲ್ಯುಎಚ್‌ಒ ಪ್ರಮಾಣದ ಒಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಬರೀ 13.5 ಗ್ರಾಂ. ಅದು ಭೇದಿಗೆ ಮಾಡಿದ್ದು, 90 ಕಿ.ಮೀ. ಸೈಕಲ್‌ಗೆ ಅಲ್ಲ. ಉಪ್ಪು ಸಿಗುತ್ತದೆ, ಶಕ್ತಿ ಸಿಗುವುದಿಲ್ಲ.

ಎಷ್ಟು ಕುಡಿಯಬೇಕು ಅಂತ ಬೇರೆಯವರನ್ನು ಕೇಳಬೇಡಿ. ಒಂದು ಗಂಟೆ ಓಡುವ ಮೊದಲು, ಓಡಿ ಮೈ ಒರೆಸಿಕೊಂಡ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಒಂದು ಲೀಟರ್ ಬೆವರು, ಮಧ್ಯೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ಹೋದದ್ದನ್ನೆಲ್ಲ ವಾಪಸ್ ತುಂಬಿಸಲೇಬೇಕು ಅಂತಿಲ್ಲ. ಹೆದರಿ ಬರೀ ನೀರು ಮೇಲಿಂದ ಮೇಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯ. ರೇಸ್ ಮುಗಿದ ಮೇಲೆ ತೂಕ ಹೆಚ್ಚಾಗಿದ್ದರೆ ಜಾಸ್ತಿ ಕುಡಿದಿದ್ದೀರಿ ಅಂತಲೇ ಅರ್ಥ.

ಬೆಳಿಗ್ಗೆ ತಿಂಡಿಗೆ ಗಂಜಿ, ಬಾಳೆಹಣ್ಣು, ಸ್ವಲ್ಪ ಉಪ್ಪಿನಕಾಯಿ. ರೇಸ್‌ಗೆ ಮೂರು ಗಂಟೆ ಮೊದಲು. ಹಿಂದಿನ ರಾತ್ರಿ ಗೋವಾದಲ್ಲಿದ್ದೇವೆ ಅಂತ ಮೀನು ಊಟಕ್ಕೆ ಕೂರಬೇಡಿ, ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಕೋಡಿಬಾಗ_ಸೈಕಲ್

ಮುರುಗಲು ಹಾಕಿ ಇವತ್ತೇ ಮಾಡಿ ನೋಡಿದೆ. ರುಚಿ ಚೆನ್ನಾಗಿದೆ, ಆದರೆ ಬಾಟಲಿ ಮೂತಿಗೆ ಇರುವೆ ಮುತ್ತಿಕೊಂಡವು. ಮನೆಯವಳು ಇದನ್ನು ನೋಡಿ ಮೊದಲ ಸಲ ಆಸಕ್ತಿ ತೋರಿಸಿದಳು, ಅವಳಿಗೂ ಒಂದು ಲೋಟ ಬೇಕಂತೆ.

ಕೊನೆಯ ಪ್ರಶ್ನೆ. ರೇಸ್ ಮುಂಚಿನ ಎರಡು ವಾರ, ಮತ್ತೆ ರೇಸ್ ದಿನದ ಅಡ್ಡಿ-ಆತಂಕ. ಬಟ್ಟೆ ಬದಲಿಸುವ ಜಾಗದಲ್ಲಿ ಗೊಂದಲ ಆಗುತ್ತದೆ ಅಂತ ಕೇಳಿದ್ದೇನೆ.

ದೇವಿಮನೆ_ಏರು

ಕೊನೆಯ ಎರಡು ವಾರ ಹೊಸದೇನೂ ಮಾಡಬೇಡಿ. ಮೊದಲ ವಾರ ಅಭ್ಯಾಸದ ಹೊತ್ತನ್ನು ಮೂರನೇ ಒಂದು ಭಾಗ ಇಳಿಸಿ, ರೇಸ್ ವಾರ ಅರ್ಧಕ್ಕಿಂತ ಕಡಿಮೆ. ಇಳಿಸುವುದು ಹೊತ್ತನ್ನು ಮಾತ್ರ. ಮಧ್ಯೆ ಮಧ್ಯೆ ರೇಸ್ ವೇಗದ ಚಿಕ್ಕ ಚಿಕ್ಕ ತುಂಡು ಇರಲಿ, ಇಲ್ಲದಿದ್ದರೆ ಕಾಲು ಜಡ ಹಿಡಿಯುತ್ತದೆ. ಆ ದಿನಗಳಲ್ಲಿ ಇಲ್ಲದ ನೋವೆಲ್ಲ ಬರುತ್ತದೆ, ಮೊಣಕಾಲು ಚುರ್ ಅನ್ನುತ್ತದೆ, ಗಂಟಲು ಕೆರೆಯುತ್ತದೆ. ಹೆಚ್ಚಿನದ್ದು ತಲೆಯಲ್ಲಿ ಇರುವುದು.

ಸೈಕಲನ್ನು ಹಿಂದಿನ ವಾರವೇ ಅಂಗಡಿಗೆ ತೋರಿಸಿ, ಹಿಂದಿನ ದಿನ ಅಲ್ಲ. ಕಡಲ ಗಾಳಿಗೆ ನಿಮ್ಮ ಕಡೆ ಚೈನ್, ಕೇಬಲ್ ಎರಡೂ ಬೇಗ ತುಕ್ಕು ಹಿಡಿಯುತ್ತವೆ, ಗೇರ್ ಕೇಬಲ್ ಹೊಸದು ಹಾಕಿಸಿ. ಹೊಸ ಶೂ, ಹೊಸ ಕಾಲುಚೀಲ, ಹೊಸ ಜೆಲ್ ಯಾವುದೂ ರೇಸ್ ದಿನ ಮೊದಲ ಸಲ ಆಗಬಾರದು. ರೇಸ್ ಜಾಗದ ಎಕ್ಸ್‌ಪೋ ಮಳಿಗೆಗಳಲ್ಲಿ ಕಣ್ಣು ಕುಕ್ಕುವ ಹಾಗೆ ಇಟ್ಟಿರುತ್ತಾರೆ, ಕೊಳ್ಳಿ ಬೇಕಾದರೆ, ರೇಸ್ ಮುಗಿದ ಮೇಲೆ ಹಾಕಿ.

ಬದಲಿಸುವ ಜಾಗ: ಮೊದಲು ಹೆಲ್ಮೆಟ್, ಪಟ್ಟಿ ಲಾಕ್ ಮಾಡಿ, ಆಮೇಲೆ ಸೈಕಲ್ ಮುಟ್ಟಿ. ಇದು ನಿಯಮ, ಉಲ್ಟಾ ಆದರೆ ತಡೆಯುತ್ತಾರೆ. ಸ್ಟ್ಯಾಂಡಿನಲ್ಲಿ ನಿಮ್ಮ ಸೈಕಲ್ ಎಷ್ಟನೇ ಸಾಲಿನಲ್ಲಿದೆ ಅಂತ ಹಿಂದಿನ ದಿನವೇ ನೀರಿನ ಕಡೆಯಿಂದ ನಡೆದುಕೊಂಡು ಬಂದು ಎಣಿಸಿಟ್ಟುಕೊಳ್ಳಿ, ನೂರಾರು ಸೈಕಲ್ ಮಧ್ಯೆ ಒದ್ದೆ ಕಣ್ಣಲ್ಲಿ ನಿಮ್ಮದು ಸಿಗುವುದಿಲ್ಲ. ಪಾದದ ಮರಳು ತೊಳೆಯಲು ಒಂದು ಬಾಟಲಿ ನೀರು, ಒಂದು ಚಿಕ್ಕ ಟವೆಲ್. ಮರಳು ಕಾಲುಚೀಲದೊಳಗೆ ಹೋದರೆ ಓಟದ ಹತ್ತನೇ ಕಿಲೋಮೀಟರ್‌ಗೆ ಬೊಕ್ಕೆ. ಕತ್ತು, ಕಂಕುಳು, ತೊಡೆಯ ಸಂದಿಗೆ ವ್ಯಾಸಲೀನ್ ಹಚ್ಚಿಕೊಂಡೇ ನೀರಿಗೆ ಇಳಿಯಿರಿ, ಉಪ್ಪುನೀರು ಉಜ್ಜಿದ ಜಾಗ ಆಮೇಲೆ ಬೆವರಿಗೆ ಉರಿಯುತ್ತದೆ.

ಸೈಕಲ್‌ನಲ್ಲಿ ಮುಂದಿನವರ ಹಿಂದೆ 12 ಮೀಟರ್ ಬಿಡಬೇಕು. ಆ ಅಂತರದೊಳಗೆ ಹೋದರೆ 25 ಸೆಕೆಂಡ್ ಒಳಗೆ ದಾಟಿ ಹೋಗಿ, ಇಲ್ಲವೇ ಹಿಂದೆ ಸರಿಯಿರಿ. ಅವರ ಗಾಳಿಮರೆಯಲ್ಲಿ ಕೂರುವುದು ಡ್ರಾಫ್ಟಿಂಗ್, ಸಿಕ್ಕಿಬಿದ್ದರೆ ಪೆನಾಲ್ಟಿ ಟೆಂಟ್‌ನಲ್ಲಿ ನಿಲ್ಲಿಸುತ್ತಾರೆ. ನಾವು ಭಾನುವಾರ ಗುಂಪಲ್ಲಿ ಚಕ್ರಕ್ಕೆ ಚಕ್ರ ತಾಗಿಸಿ ಹೋಗಿ ರೂಢಿ, ಅದಕ್ಕೇ ಸೆಪ್ಟೆಂಬರ್ ನಂತರ ಕೆಲವು ರೈಡ್ ಒಬ್ಬರೇ ಮಾಡಿ.

ಬೈತಖೋಲ್_ದೋಣಿ

ಗಾಳಿಚೀಲ ಕೊಂಡಾಯಿತಾ? ಅಕ್ಟೋಬರ್ ಮೊದಲ ವಾರ ಇಳಿಯುವುದಾದರೆ ಹಿಂದಿನ ದಿನ ಇಲ್ಲಿ ಬರೆಯಿರಿ. ದೋಣಿಯವರಿಗೆ ಹೇಳಿಡುತ್ತೇನೆ. ಜೆಲ್ಲಿ ಮೀನು ಬಂದಿದ್ದರೂ ಅವರಿಗೇ ಮೊದಲು ಗೊತ್ತಾಗುವುದು, ಬಲೆ ತುಂಬಾ ಅದೇ ಬಂದಿರುತ್ತದೆ.

ಕೋಡಿಬಾಗ_ಸೈಕಲ್

ಇನ್ನೂ ಇಲ್ಲ ಅಣ್ಣಾ, ಆರ್ಡರ್ ಹಾಕುತ್ತೇನೆ. ಕಿತ್ತಳೆ ಬಣ್ಣವೇ. ಕಿಟಕಿಗೆ ಟ್ಯೂಬ್ ಮಾತ್ರ ಕಟ್ಟಿ ಆಯಿತು, ಮಗ ಅದರಲ್ಲಿ ಉಯ್ಯಾಲೆ ಆಡುತ್ತಿದ್ದಾನೆ.